ಮನೆಯಷ್ಟೇ ದೊಡ್ಡ ಮನೆ

ಮೇಷ್ಟ್ರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಅದು ಪೌಡರು. ಟ್ರೇಸಿಂಗ್ ಹಾಳೆಗೆ ಕೈಯ ಬೆವರು ತಾಗಿದರೆ ಇಂಕು ಸರಿಯಾಗಿ ಹಿಡಿಯುವುದಿಲ್ಲ, ಗೆರೆ ಒಡೆಯುತ್ತದೆ. ಅದಕ್ಕೆ ಅವರು ಬೆಳಿಗ್ಗೆ ಬೋರ್ಡಿನ ಮುಂದೆ ಕೂರುವ ಮೊದಲು ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಹಾಳೆಯ ಮೇಲಿಷ್ಟು ಉದುರಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಇನ್ನಷ್ಟನ್ನು ಕೈಗೆ ಸವರಿಕೊಳ್ಳುತ್ತಿದ್ದರು. ಆಮೇಲೆ ಹಾಗೇ ಎದ್ದು ಹಾಲಿನ ಅಂಗಡಿಗೆ ಹೋಗುತ್ತಿದ್ದರು, ಬ್ಯಾಂಕಿಗೆ ಹೋಗುತ್ತಿದ್ದರು. ಗೊತ್ತಿಲ್ಲದವರು ಏನೋ ಚರ್ಮದ ಕಾಯಿಲೆ ಎಂದುಕೊಂಡು ಕ್ಯೂನಲ್ಲಿ ಸ್ವಲ್ಪ ಸರಿದು ನಿಲ್ಲುತ್ತಿದ್ದರಂತೆ. ಇದನ್ನು ನನಗೆ ನಗುತ್ತಾ ಹೇಳಿದವರು ಅವರ ಮಗಳು. ಮೇಷ್ಟ್ರ ಗಮನಕ್ಕೆ ಇಂಥದ್ದು ಬರುತ್ತಿರಲಿಲ್ಲ.

ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿ ಅದೇ ಸ್ಟೂಲಿನಿಂದ ನಿವೃತ್ತರಾದವರು ಅವರು. ಎಂಜಿನಿಯರು ಯೋಚಿಸಿದ ಕಟ್ಟಡವನ್ನು ಮೇಸ್ತ್ರಿ ನೋಡಿ ಕಟ್ಟುವ ಹಾಗೆ ಗೆರೆಯಲ್ಲಿ, ಅಳತೆಯಲ್ಲಿ ಬರೆದುಕೊಡುವುದು ಅವರ ಕೆಲಸ. ನಿವೃತ್ತಿಯ ನಂತರ ಗಿರಿನಗರದ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಡ್ರಾಯಿಂಗ್ ಕ್ಲಾಸ್ ಶುರು ಮಾಡಿದರು. ಕಾರು ಅವರ ಬಳಿ ಯಾವತ್ತೂ ಇರಲಿಲ್ಲ. ಶೆಡ್ಡಿನ ತುಂಬ ಓರೆಯಾಗಿ ನಿಲ್ಲಿಸಿದ ಮರದ ಬೋರ್ಡುಗಳು, ಮೊಳೆಗೆ ನೇತುಹಾಕಿದ ಉದ್ದನೆಯ ಸ್ಕೇಲುಗಳು, ಮೂಲೆಯಲ್ಲಿ ಸುತ್ತಿಟ್ಟ ನಕ್ಷೆಗಳು. ಎಂಟು ಹತ್ತು ಮಂದಿ ಕೂತು ಬರೆಯುತ್ತಿದ್ದರೂ ಪೆನ್ನಿನ ಸಣ್ಣ ಕಿರಕಿರ ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ನಾನು ಜರಗನಹಳ್ಳಿಯವಳು. ನಾನು ಪಿಯುಸಿ ಮುಗಿಸುವ ಹೊತ್ತಿಗೆ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಬಾಡಿಗೆ ಮನೆಗಳಾಗಿತ್ತು. ಆ ಮನೆಗಳನ್ನು ಕಟ್ಟುವಾಗ ಮೇಸ್ತ್ರಿ ನಾಲ್ಕು ಕಲ್ಲಿಟ್ಟು ನೆಲದ ಮೇಲೆ ಹಾಸಿಕೊಳ್ಳುತ್ತಿದ್ದ ನಕ್ಷೆಯ ನೀಲಿ ಹಾಳೆಯನ್ನು ನೋಡಿ ನೋಡಿ ನನಗೆ ಅದರ ಹುಚ್ಚು ಹಿಡಿದಿತ್ತು. ಹಟ ಮಾಡಿ ಅಪ್ಪನನ್ನು ಗಿರಿನಗರಕ್ಕೆ ಕರೆದುಕೊಂಡು ಹೋದೆ. ಅಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತರು.

"ಹೆಣ್‌ಮಗು ಸಾರ್. ಬಿಲ್ಡಿಂಗ್ ಮೇಲೆಲ್ಲಾ ಹತ್ತಿ ಇಳಿಯೋ ಕೆಲ್ಸ ಅಂತಾರೆ. ನಮ್ಮ ಕಡೆ ಆಡ್ಕೋತಾರೆ."

ಮೇಷ್ಟ್ರು ತಲೆಯೆತ್ತದೆ ಗೆರೆ ಮುಗಿಸಿದರು. ಪೆನ್ನನ್ನು ಒರೆಸಿಟ್ಟ ಮೇಲೆಯೇ ಮಾತಾಡಿದ್ದು.

"ಹತ್ತೋದು ಮೇಸ್ತ್ರಿ. ಎಲ್ಲಿ ಹತ್ತಬೇಕು ಅಂತ ಬರೆಯೋದು ಇವಳು. ನನ್ನ ಮಗಳೂ ಇದೇ ಕೆಲಸ ಮಾಡ್ತಾಳೆ. ಒಳಗಿದಾಳೆ, ಕರೀಲಾ?"

ಅಪ್ಪ ಬೇಡ ಎಂದರು. ಮರುದಿನದಿಂದ ನಾನು ಬನಶಂಕರಿಯಲ್ಲಿ ಬಸ್ಸು ಬದಲಿಸಿ ಕ್ಲಾಸಿಗೆ ಹೋಗತೊಡಗಿದೆ.

ಮೊದಮೊದಲು ಗೆರೆ ಎಳೆಯುವುದು ಬಿಟ್ಟು ಅವರು ಬೇರೇನನ್ನೂ ಕಲಿಸಲಿಲ್ಲ. ಅಡ್ಡ ಗೆರೆ, ಉದ್ದ ಗೆರೆ, ದಪ್ಪ ಗೆರೆ, ಸಣ್ಣ ಗೆರೆ. ಹಿಂದೆ ಬಂದು ನಿಂತು "ಉಸಿರು ಹಿಡ್ಕೊಂಡು ಎಳಿ" ಎನ್ನುತ್ತಿದ್ದರು. ಗೋಡೆ ಬರೆಯುವ ಹಂತಕ್ಕೆ ಬಂದಾಗ "ಎರಡು ಗೆರೆ ಎಳೆದ್ರೆ ಗೋಡೆ ಆಗಲ್ಲಮ್ಮ. ಮಧ್ಯದಲ್ಲಿ ಇಟ್ಟಿಗೆ ಇದೆ ಅಂದ್ಕೊಂಡು ಎಳೀಬೇಕು" ಎಂದರು. ತಪ್ಪಾದರೆ ಬ್ಲೇಡಿನಿಂದ ಇಂಕನ್ನು ಮೆಲ್ಲಗೆ ಕೆರೆದು ತೆಗೆಯಬೇಕಿತ್ತು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ವಾರಗಟ್ಟಲೆ ಕೂತು ಒಂದು ನಕ್ಷೆ ಮುಗಿಸಿ ಅವರ ಮುಂದಿಟ್ಟರೆ, ಕನ್ನಡಕ ಹಣೆಗೇರಿಸಿ ಹಾಳೆಯ ಮೇಲೆ ಮೂಗು ತಾಗುವಷ್ಟು ಬಾಗಿ ನೋಡಿ, "ಹ್ಞೂ, ಮುಂದಿನದು ಶುರು ಮಾಡು" ಎನ್ನುತ್ತಿದ್ದರು. ಅಷ್ಟೇ. ಆದರೆ ನಾಲ್ಕು ಗಂಟೆಗೆ ತಾವೇ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬರುತ್ತಿದ್ದರು. ಸಂಜೆ ಕತ್ತಲಾಗುವ ಸೂಚನೆ ಕಂಡರೆ ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಬಸ್ ಸ್ಟಾಪಿನ ತನಕ ಬಿಟ್ಟು, ಬಸ್ಸು ಹೊರಟ ಮೇಲೆಯೇ ತಿರುಗುತ್ತಿದ್ದರು.

ಮಗಳು ಇನ್ನೂ ಶಾಲೆಯಲ್ಲಿದ್ದಾಗಲೇ ಅವರ ಹೆಂಡತಿ ತೀರಿಕೊಂಡಿದ್ದರು. ಮಗಳನ್ನು ಮೇಷ್ಟ್ರೇ ಬೆಳೆಸಿದರು. ಜಡೆ ಹಾಕುವುದನ್ನೂ ಕಲಿತಿದ್ದರಂತೆ. ನಾವೆಲ್ಲ ಆ ಮಗಳನ್ನು ಅಕ್ಕ ಎನ್ನುತ್ತಿದ್ದೆವು. ಅಕ್ಕ ಸಿವಿಲ್ ಡಿಪ್ಲೊಮಾ ಮಾಡಿ ಜಯನಗರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬೋರ್ಡುಗಳೆಲ್ಲ ಹೋಗಿ ಕಂಪ್ಯೂಟರು ಬಂದು ಬಹಳ ಕಾಲವಾಗಿತ್ತು. ನಾನು ಸೇರಿದ ಮರುವರ್ಷ ಅಕ್ಕ ಶೆಡ್ಡಿನಿಂದ ನಾಲ್ಕು ಬೋರ್ಡುಗಳನ್ನು ಎತ್ತಿಸಿ ಆ ಜಾಗದಲ್ಲಿ ಕಂಪ್ಯೂಟರ್‌ಗಳನ್ನು ಇಡಿಸಿದರು. ಅವತ್ತು ಅಪ್ಪ ಮಗಳ ನಡುವೆ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಅದರಲ್ಲಿ ತಪ್ಪು ಮಾಡಿದ್ರೆ ಗುರುತೇ ಉಳಿಯಲ್ಲ. ಒಂದು ಬಟನ್ ಒತ್ತಿದ್ರೆ ಮಾಯ. ಹಂಗಾದ್ರೆ ಮನುಷ್ಯ ಹುಷಾರಾಗಿರೋದು ಯಾಕೆ?" ಎಂದರು ಮೇಷ್ಟ್ರು.

"ಕಟ್ಟಿದ ಮೇಲೆ ಗೋಡೆ ಒಡೆಯೋದಕ್ಕಿಂತ ಇಲ್ಲಿ ಅಳಿಸೋದು ವಾಸಿ ಅಲ್ವಾ ಅಪ್ಪ?"

"ನಾನು ಬರೆದ ಯಾವ ಗೋಡೇನೂ ಒಡೆದಿಲ್ಲ."

"ನಿಮ್ಮ ವಿಷಯ ಬಿಡಿ. ಇವರೆಲ್ಲ ನಾಳೆ ಎಲ್ಲಿ ಕೆಲಸಕ್ಕೆ ಹೋಗ್ಬೇಕು?"

ಮೇಷ್ಟ್ರು ತಮ್ಮ ಬೋರ್ಡಿಗೆ ವಾಪಸು ಹೋದರು. ಅಕ್ಕ ಹೇಳಿದ್ದು ನಿಜವಾಗುತ್ತಾ ಹೋಯಿತು. ನೀಲಿ ಹಾಳೆ ತೆಗೆಯುತ್ತಿದ್ದ, ಅಮೋನಿಯಾ ನಾತದ ಪ್ರಿಂಟ್ ಅಂಗಡಿಗಳು ಒಂದೊಂದಾಗಿ ಮುಚ್ಚಿ ಅಲ್ಲಿ ಮೊಬೈಲ್ ಕವರ್ ಮಾರತೊಡಗಿದರು. ಪ್ಲಾನ್ ಮಂಜೂರಾತಿಯೂ ಆನ್‌ಲೈನ್ ಆಯಿತು. ಕೈಯಲ್ಲಿ ಬರೆದ ನಕ್ಷೆಯನ್ನು ಯಾರೂ ಕೇಳದಾದರು. ಶೆಡ್ಡಿನ ಎಡಗಡೆ ಅಕ್ಕನ ಕಂಪ್ಯೂಟರ್‌ಗಳ ಮುಂದೆ ಹುಡುಗರು ಸರದಿಯಲ್ಲಿ ಕಾಯುತ್ತಿದ್ದರೆ ಬಲಗಡೆಯ ಬೋರ್ಡುಗಳ ಮುಂದೆ ಸ್ಟೂಲುಗಳು ಖಾಲಿಯಿರುತ್ತಿದ್ದವು. ಕೊನೆಗೆ ಬಲಗಡೆ ಉಳಿದವಳು ನಾನೊಬ್ಬಳೇ. ಒಂದು ಮಧ್ಯಾಹ್ನ ಮೇಷ್ಟ್ರೇ ನನ್ನ ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಹೋಗಿ ಅಕ್ಕನ ಮೇಜಿನ ಮೇಲಿಟ್ಟು ಬಂದರು.

"ಹೋಗಮ್ಮ. ಕೈ ಕೂತಿದೆ ನಿಂಗೆ. ಇನ್ನು ಅಲ್ಲಿ ಕಲಿ."

ಅಕ್ಕನ ಬಳಿ ಕಲಿತದ್ದರಿಂದಲೇ ನನಗೆ ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಟ್ಟಡ ಶುರುವಾಗುವ ಮೊದಲೇ ಅದರ ಪ್ರತಿ ಕಂಬ, ತೊಲೆ, ಪೈಪು, ವೈರುಗಳನ್ನು ಕಂಪ್ಯೂಟರಿನೊಳಗೆ ಮೂರು ಆಯಾಮದಲ್ಲಿ ಕಟ್ಟಿಬಿಡುವ ಕೆಲಸ. ಅದಕ್ಕೆ ನಾವು ಸುಮ್ಮನೆ ಮಾಡೆಲ್ ಎನ್ನುತ್ತೇವೆ. ಅಕ್ಕ ಕೂಡ ಆಫೀಸು ಬಿಟ್ಟು ಶೆಡ್ಡಿನಲ್ಲೇ ಸ್ವಂತ ಕೆಲಸ ಶುರು ಮಾಡಿದರು. ಶನಿವಾರಗಳಂದು ನಾನು ಹೋಗಿ ಜೊತೆಗೆ ಕೂರುತ್ತಿದ್ದೆ. ಇಬ್ಬರೂ ಒಂದೇ ಮಾಡೆಲಿನಲ್ಲಿ ಕೆಲಸ ಮಾಡುತ್ತಿದ್ದೆವು.

ಮೇಷ್ಟ್ರು ಮಾತ್ರ ಆ ಪರದೆಯನ್ನು ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕ ಪ್ರತಿ ನಕ್ಷೆಯನ್ನೂ ಪ್ರಿಂಟ್ ತೆಗೆದು ಅಪ್ಪನ ಬೋರ್ಡಿಗೆ ಸಿಕ್ಕಿಸುವರು. ಮೇಷ್ಟ್ರು ಕೆಂಪು ಪೆನ್ಸಿಲ್ ಹಿಡಿದು ಕೂರುವರು. "ಈ ಬಾಗಿಲು ಪೂರ್ತಿ ತೆಗೆದ್ರೆ ಬಚ್ಚಲ ಬಾಗಿಲಿಗೆ ಬಡಿಯುತ್ತೆ ನೋಡು." "ಈ ಪೈಪು ತೊಲೆ ಒಳಗೇ ಹೋಗಿದೆಯಲ್ಲ." ಅಕ್ಕ ಎಲ್ಲದಕ್ಕೂ "ಹೌದಲ್ವಾ, ಸರಿ ಮಾಡ್ತೀನಿ ಅಪ್ಪ" ಎನ್ನುವರು. ಕೆಂಪು ಗುರುತುಗಳಿದ್ದ ಹಾಳೆಯನ್ನು ಮೇಷ್ಟ್ರು ವಾಪಸು ಕೊಡುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು.

ಅಕ್ಕ ಹೋದದ್ದು ಡೆಂಗಿಯಲ್ಲಿ. ಸೈಟು ನೋಡಿಕೊಂಡು ಬಂದವರು ಮೈಕೈ ನೋವು ಎಂದು ಮಲಗಿದರು. ಜ್ವರದ ಮಾತ್ರೆ ತೆಗೆದುಕೊಂಡು ಮಲಗಿದ್ದಲ್ಲಿಂದಲೇ ಮೇಸ್ತ್ರಿಗೆ ಫೋನಿನಲ್ಲಿ ಉತ್ತರ ಕೊಡುತ್ತಿದ್ದರು. ಜ್ವರ ಬಿಟ್ಟಿತು, ಇನ್ನೇನು ಎದ್ದು ಓಡಾಡುತ್ತಾರೆ ಎನ್ನುವಷ್ಟರಲ್ಲಿ ಹೊಟ್ಟೆನೋವು ಎಂದರು. ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಗೆ ಬರಲಿಲ್ಲ. ಮೂವತ್ತೆಂಟು ದಾಟಿರಲಿಲ್ಲ. ಎಲ್ಲ ಮುಗಿದ ಮೇಲೆ ಮೇಷ್ಟ್ರು ಹಿತ್ತಲಿಗೆ ಹೋಗಿ ತೊಟ್ಟಿಯ ನೀರನ್ನೆಲ್ಲ ಮೊಗೆದು ಚೆಲ್ಲುತ್ತಿದ್ದರು. ನಾನು ಹೋಗಿ ಕೈಯಿಂದ ಚೊಂಬು ತೆಗೆದುಕೊಂಡೆ. "ಸೈಟಿನ ನೀರೋ, ಮನೆ ನೀರೋ ಗೊತ್ತಾಗಲಿಲ್ಲವಲ್ಲಮ್ಮ" ಎಂದರು. ಆ ದಿನಗಳಲ್ಲಿ ಅವರು ಆಡಿದ್ದೆಂದು ನನಗೆ ನೆನಪಿರುವ ಮಾತು ಅದೊಂದೇ.

ಅಕ್ಕನ ಕೈಯಲ್ಲಿ ಆಗ ಒಂದು ಮನೆಯಿತ್ತು. ಪುಟ್ಟೇನಹಳ್ಳಿ ಕೆರೆಯ ಹತ್ತಿರ, ಒಬ್ಬ ಹೈಸ್ಕೂಲ್ ಟೀಚರ್ ತನ್ನ ಗಂಡನಿಗಾಗಿ ಕಟ್ಟಿಸುತ್ತಿದ್ದ ಮನೆ. ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಆತ ಗಾಲಿಕುರ್ಚಿಗೆ ಬಂದಿದ್ದರು. ಬಾಡಿಗೆ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೂ ಯಾರಾದರೂ ಎತ್ತಿಕೊಂಡು ಹೋಗಬೇಕಿತ್ತು. ಆ ಮನೆಯ ಪಾಯ ಆಗಿ, ಕಂಬಗಳು ಎದ್ದು ನಿಂತಿದ್ದವು. ತಿಂಗಳಾದ ಮೇಲೆ ಟೀಚರ್ ಗಿರಿನಗರಕ್ಕೆ ಬಂದರು. ಮೇಷ್ಟ್ರ ಎದುರು ಕೂತು ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಿದ್ದರು.

"ಹೇಗೆ ಕೇಳೋದೋ ಗೊತ್ತಾಗ್ತಿಲ್ಲ ಸಾರ್. ಕೆಲಸ ನಿಂತಿದೆ. ಇನ್ನೊಂದು ಆಫೀಸಿನವರು ಮಾಡಿಕೊಡ್ತೀವಿ ಅಂತಿದಾರೆ. ಮೇಡಂ ಮಾಡಿದ್ದನ್ನ ಇಟ್ಕೊಳ್ಳಲ್ಲವಂತೆ, ಮೊದಲಿಂದ ಮಾಡ್ತಾರಂತೆ."

"ಮೊದಲಿಂದ ಅಂದ್ರೆ?"

"ಕಂಬ ಹಾಗೇ ಇರುತ್ತೆ. ಒಳಗಿಂದೆಲ್ಲ ಬದಲಾಯಿಸ್ತಾರಂತೆ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಆ ದಿನ ಅಕ್ಕನ ಫೈಲುಗಳನ್ನು ಜೋಡಿಸಿಡಲೆಂದು ಬಂದಿದ್ದೆ.

"ಅವಳು ಎಷ್ಟು ಮುಗಿಸಿದಾಳೆ?"

"ಮುಕ್ಕಾಲು ಆಗಿದೆ ಸಾರ್. ಉಳಿದದ್ದನ್ನ ಶನಿವಾರ ಭಾನುವಾರ ಬಂದು ನಾನು..."

"ನಿಂಗೆ ನಿನ್ನ ಕೆಲಸ ಇದೆ. ವಾರಕ್ಕೊಂದು ದಿನ ಬಂದ್ರೆ ಇವರ ಮನೆ ಏಳಲ್ಲ." ಆಮೇಲೆ ಟೀಚರ್ ಕಡೆ ತಿರುಗಿ, "ನಂಗೆ ಸ್ವಲ್ಪ ಟೈಮ್ ಕೊಡಿ ತಾಯಿ. ನಮ್ಮ ಹುಡುಗಿ ಶುರು ಮಾಡಿದ್ದು, ನಾವೇ ಮುಗಿಸ್ತೀವಿ" ಎಂದರು.

ಟೀಚರ್ ಹೋದ ಮೇಲೆ ಅವರು ಎದ್ದು ಅಕ್ಕನ ಕುರ್ಚಿಯ ಹಿಂದೆ ನಿಂತರು. ಕೂರಲಿಲ್ಲ. ಎಪ್ಪತ್ತು ದಾಟಿದ್ದ ಮನುಷ್ಯ.

"ನಂಗೆ ಕಲಿಸಮ್ಮ" ಎಂದರು.

ನಾನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಮುಖ ಒರೆಸಿಕೊಂಡು ಬಂದು ಕಂಪ್ಯೂಟರ್ ಆನ್ ಮಾಡಿದೆ.

ಅವರಿಗೆ ಮೌಸ್ ಹಿಡಿಯುವುದೇ ಬರಲಿಲ್ಲ. ಪೆನ್ನಿನಂತೆ ಬೆರಳ ತುದಿಯಲ್ಲಿ ಹಿಡಿಯುವರು. ಕಿರುಬೆರಳನ್ನು ಇಂಕು ಉಜ್ಜಿಹೋದೀತೆಂಬಂತೆ ಮೇಲೆತ್ತುವರು. ಗೆರೆ ಎಳೆಯುವಾಗ ಉಸಿರು ಹಿಡಿಯುವರು. ಬಾಣದ ಗುರುತು ಎಲ್ಲಿಗೋ ಹಾರಿಹೋದರೆ ಮೌಸನ್ನೇ ಎತ್ತಿ ಅದರ ಹೊಟ್ಟೆ ನೋಡುವರು. ಕಣ್ಣಿನಲ್ಲಿ ನೀರು ಬರುತ್ತಿತ್ತು. ಪರದೆಯ ಬೆಳಕಿಗೆ ಎನ್ನುತ್ತಿದ್ದರು. ನಾನು ದಿನಾ ಆಫೀಸು ಮುಗಿಸಿ ಗಿರಿನಗರದ ಮೇಲೆ ಹಾದು ಮನೆಗೆ ಹೋಗತೊಡಗಿದೆ. ಹಿಂದಿನ ದಿನ ಹೇಳಿದ್ದನ್ನು ಅವರು ಹಗಲೆಲ್ಲ ಕೂತು ಅಭ್ಯಾಸ ಮಾಡಿರುತ್ತಿದ್ದರು. ಒಂದೇ ಚೌಕವನ್ನು ಸಾಲುಸಾಲಾಗಿ ಬರೆದಿಟ್ಟಿರುತ್ತಿದ್ದರು, ಅವರ ಕ್ಲಾಸಿನ ಹೊಸ ಹುಡುಗರ ಹಾಗೆ.

ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸ್ಕೇಲಿನ ವಿಷಯ. ಜೀವಮಾನವೆಲ್ಲ ನೂರರಲ್ಲೊಂದು ಪಾಲು, ಐವತ್ತರಲ್ಲೊಂದು ಪಾಲು ಎಂದು ಕಟ್ಟಡವನ್ನು ಚಿಕ್ಕದು ಮಾಡಿ ಹಾಳೆಗಿಳಿಸಿದವರು.

"ಇದು ಎಷ್ಟರ ಸ್ಕೇಲು?"

"ಇದರೊಳಗೆ ಸ್ಕೇಲ್ ಇಲ್ಲ ಸಾರ್. ಹತ್ತು ಅಡಿ ಗೋಡೆ ಅಂದ್ರೆ ಹತ್ತು ಅಡೀನೇ. ಪ್ರಿಂಟ್ ತೆಗೆಯೋವಾಗ ಮಾತ್ರ ಚಿಕ್ಕದು ಮಾಡ್ತೀವಿ."

ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಬಾಗಿದರು.

"ಅಂದ್ರೆ ಇದರೊಳಗೆ ಮನೆ ಮನೆಯಷ್ಟೇ ದೊಡ್ಡದಾಗಿದೆ."

"ಹೌದು ಸಾರ್."

"ಅವಳು ಇಷ್ಟು ದಿನ ಅದರೊಳಗೇ ಓಡಾಡ್ತಿದ್ಲು."

ಆವತ್ತು ನಾನು ಅವರನ್ನು ಅಕ್ಕನ ಮಾಡೆಲಿನೊಳಗೆ ಮೊದಲ ಸಲ ನಡೆಸಿದೆ. ಗೇಟಿನಿಂದ ಮೆಟ್ಟಿಲಿಲ್ಲದ ಇಳಿಜಾರು ಹತ್ತಿ, ಅಗಲದ ಬಾಗಿಲು ದಾಟಿ, ಹಾಲು, ಅಡುಗೆಮನೆ, ಬಚ್ಚಲು. ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ತೋರಿಸುತ್ತಿದ್ದೆ. "ಸ್ವಲ್ಪ ಕೆಳಗೆ ಇಳಿಸು, ಕೂತವರಿಗೆ ಹೇಗೆ ಕಾಣುತ್ತೆ ನೋಡೋಣ" ಎಂದರು. ಇಳಿಸಿದೆ. ಹಾಲಿನ ಕಿಟಕಿಯ ಕೆಳಅಂಚು ತಗ್ಗಿತ್ತು, ಕೂತವರಿಗೂ ಕೆರೆಯ ಕಡೆಯ ಮರಗಳು ಕಾಣುವಂತಿತ್ತು. ಪ್ರತಿ ಕೋಣೆಯ ನೆಲದ ಮೇಲೂ ಅಕ್ಕ ಒಂದೊಂದು ವೃತ್ತ ಬರೆದಿದ್ದರು; ಗಾಲಿಕುರ್ಚಿ ತಡೆಯಿಲ್ಲದೆ ಪೂರ್ತಿ ತಿರುಗಲು ಬೇಕಾದ ಜಾಗ. ಮೇಷ್ಟ್ರು ಒಂದೊಂದು ವೃತ್ತದ ಮೇಲೂ ನನ್ನನ್ನು ನಿಲ್ಲಿಸಿ ನೋಡಿದರು.

ಇನ್ನೊಂದು ದಿನ ನಾನು ಅವರಿಗೆ, ಮಾಡೆಲಿನಲ್ಲಿ ಒಂದು ವಸ್ತು ಇನ್ನೊಂದರೊಳಗೆ ತೂರಿದ್ದರೆ ಅದನ್ನು ಹುಡುಕುವುದು ಹೇಗೆಂದು ತೋರಿಸಿದೆ. ಒಂದು ಆಜ್ಞೆ ಕೊಟ್ಟರೆ ಸಾಕು, ತೊಲೆಯೊಳಗೆ ಹೊಕ್ಕ ಪೈಪು, ಬಾಗಿಲಿಗೆ ಬಡಿಯುವ ಬಾಗಿಲು, ಎಲ್ಲವೂ ಕೆಂಪಗೆ ಹೊಳೆಯುತ್ತವೆ. ಮೇಷ್ಟ್ರು ಪರದೆಯನ್ನು ನೋಡುತ್ತಲೇ ಇದ್ದರು.

"ಇದು ಈಗ ಬಂದಿದ್ದಾ?"

"ಇಲ್ಲ ಸಾರ್, ಮೊದಲಿಂದಲೂ ಇದೆ."

"ಅವಳು ಮನೇಲಿ ಕೆಲಸ ಶುರು ಮಾಡಿದಾಗಿಂದ?"

"ಹೌದು ಸಾರ್."

ಹೇಳಿದ ಮೇಲೆ ನನಗೂ ಹೊಳೆಯಿತು. ಇಷ್ಟು ವರ್ಷ ಅವರು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನೆಲ್ಲ ಅಕ್ಕ ಮೊದಲೇ ನೋಡಿರುತ್ತಿದ್ದರು. ಅಪ್ಪನಿಗೆ ಸಿಗಲೆಂದೇ ಸರಿ ಮಾಡದೆ ಪ್ರಿಂಟ್ ತೆಗೆಯುತ್ತಿದ್ದರು. ಮೇಷ್ಟ್ರು ಎದ್ದು ಒಳಗೆ ಹೋದರು. ಕಾಫಿ ಮಾಡುತ್ತಾರೇನೋ ಎಂದು ಕಾದೆ. ಬರಲಿಲ್ಲ. ಹೋಗಿ ನೋಡಿದರೆ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಸದ್ದು ಮಾಡದೆ ಬಾಗಿಲೆಳೆದುಕೊಂಡು ಮನೆಗೆ ಹೋದೆ.

ಅದಾದ ಮೇಲೆ ಕೆಲವು ದಿನ ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಬಿಟ್ಟರೇನೋ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಆಫೀಸಿಗೆ ಫೋನ್ ಬಂತು.

"ಮೆಟ್ಟಿಲ ಹತ್ರ ಬಾ. ಮೆಟ್ಟಿಲಲ್ಲಿ ಏನೋ ಇದೆ."

ಮೆಟ್ಟಿಲ ಹತ್ರ ಬಾ ಎಂದರೆ ಮಾಡೆಲಿನೊಳಗಿನ ಮೆಟ್ಟಿಲು. ನಾನು ಸಂಜೆ ಹೋದಾಗ ಅವರು ಪರದೆಯಲ್ಲಿ ಅದನ್ನೇ ತೆರೆದುಕೊಂಡು ಕೂತಿದ್ದರು. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲಿನ ಮಧ್ಯದಲ್ಲಿ ಮೇಲೊಂದು ತೊಲೆ ಹಾದುಹೋಗಿತ್ತು. ಮೆಟ್ಟಿಲು ತೊಲೆಗೆ ಎಲ್ಲೂ ತಾಗಿರಲಿಲ್ಲವಾದ್ದರಿಂದ ಕಂಪ್ಯೂಟರ್ ಕೆಂಪು ತೋರಿಸಿರಲಿಲ್ಲ. ಆದರೆ ಸ್ವಲ್ಪ ಎತ್ತರದವರು ಹತ್ತಿದರೆ ತಲೆ ಬಡಿಯುವಷ್ಟು ತಗ್ಗಾಗಿತ್ತು. ಕೆಳಗಿನ ಬಚ್ಚಲನ್ನು ದೊಡ್ಡದು ಮಾಡುವಾಗ ಅಕ್ಕ ಮೆಟ್ಟಿಲನ್ನು ಮುಂದಕ್ಕೆ ತಳ್ಳಿದ್ದರು, ಆಮೇಲೆ ಮೇಲೆ ನೋಡಿರಲಿಲ್ಲ.

"ಅಕ್ಕ ಆಮೇಲೆ ನೋಡೋಣ ಅಂತ ಬಿಟ್ಟಿರ್ತಾರೆ ಸಾರ್. ಅಷ್ಟರಲ್ಲಿ ಜ್ವರ..."

"ಇಲ್ಲಮ್ಮ. ತಪ್ಪು. ತಪ್ಪಿದ್ರೆ ತಪ್ಪು ಅಂತಾನೇ ಅನ್ನಬೇಕು. ಅವಳು ಎದುರಿಗಿದ್ರೂ ಹಾಗೇ ಅಂತಿದ್ದೆ." ಆಮೇಲೆ ಮೆಲ್ಲಗೆ ಹೇಳಿದರು. "ಇಡೀ ಮನೆ ಹುಡುಕಿದೆ. ಇದೊಂದೇ ಸಿಕ್ಕಿದ್ದು."

ಮೆಟ್ಟಿಲನ್ನು ಒಂದಡಿ ಸರಿಸಿದರೆ ತಲೆಗೆ ಜಾಗ ಸಿಗುತ್ತಿತ್ತು. ಹಾಗೆ ಸರಿಸಿದರೆ ಅದು ಹಾಲಿನ ವೃತ್ತದೊಳಗೆ ಬರುತ್ತಿತ್ತು. ಮೇಷ್ಟ್ರು ಎರಡು ದಿನ ಅದರ ಜೊತೆ ಗುದ್ದಾಡಿ, ಮೊದಲ ಮೂರು ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಸುವ ಉಪಾಯ ಕಂಡುಕೊಂಡರು. ಕಾಗದದ ಮೇಲೆ ಬರೆದು ನೋಡಿದ್ದಾಗಿತ್ತು. ಇನ್ನು ಮಾಡೆಲಿನಲ್ಲಿ ಬದಲಾಯಿಸುವುದಷ್ಟೇ. ಮೆಟ್ಟಿಲಿನ ಮೇಲೆ ಬಾಣದ ಗುರುತು ತಂದಾಗ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಕ್ಕನ ಹೆಸರು ಬಂತು.

"ಇದೇನು, ಇವಳ ಹೆಸರು?"

"ಕೊನೇ ಸಲ ಯಾರು ಬದಲಾಯಿಸಿದ್ರು ಅಂತ ತೋರಿಸುತ್ತೆ ಸಾರ್. ಪ್ರತಿ ಗೋಡೆಗೂ, ಕಿಟಕಿಗೂ ಇರುತ್ತೆ."

"ನಾನು ಸರಿಸಿದ್ರೆ?"

"ನಿಮ್ಮ ಹೆಸರು ಬರುತ್ತೆ."

"ಅವಳದ್ದು ಹೋಗುತ್ತೆ."

ನಾನು ಹೌದು ಎಂದೆ. ಅವರು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೊರಗೆ ತರಕಾರಿ ಗಾಡಿಯವನ ಧ್ವನಿವರ್ಧಕ ಸೊಪ್ಪಿನ ಹೆಸರುಗಳನ್ನು ಕೂಗಿಕೊಂಡು ರಸ್ತೆಯ ತುದಿಯವರೆಗೆ ಹೋಯಿತು. ನಾನು ಮಾಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಮತ್ತೆ ಎಲ್ಲ ಕೋಣೆಗಳನ್ನೂ ಒಂದು ಸುತ್ತು ಹಾಕಿ, ಒಂದೊಂದು ಗೋಡೆಯ ಮೇಲೂ ಬಾಣ ತಂದು ಆ ಹೆಸರನ್ನು ಓದಿಕೊಂಡು ಮೆಟ್ಟಿಲಿಗೆ ವಾಪಸು ಬಂದರು.

"ಬಿಟ್ರೆ ಯಾರೋ ತಲೆ ಹೊಡ್ಕೋತಾರೆ" ಎಂದರು. ಕಿರುಬೆರಳೆತ್ತಿ, ಉಸಿರು ಹಿಡಿದು, ಮೆಟ್ಟಿಲನ್ನು ಸರಿಸಿದರು.

ಅಲ್ಲಿಂದ ಮುಂದೆ ಕೆಲಸ ಓಡಿತು. ಉಳಿದ ಕಾಲುಭಾಗವನ್ನು ಅವರೇ ಮುಗಿಸಿದರು; ನಾನು ಸಂಜೆ ಹೋಗಿ ನೋಡಿ, ಕಂಬಿಯ ಲೆಕ್ಕ ತೆಗೆದು ಎಂಜಿನಿಯರಿಗೆ ಕಳಿಸುತ್ತಿದ್ದೆ. ಸೈಟಿನಲ್ಲಿ ಮೇಸ್ತ್ರಿ ಮೊಬೈಲಿನಲ್ಲೇ ಮಾಡೆಲ್ ತಿರುಗಿಸಿ ನೋಡುತ್ತಿದ್ದ. ಸಂಶಯ ಬಂದರೆ ವಿಡಿಯೊ ಕಾಲ್. "ಯಜಮಾನ್ರೇ, ಈ ಮೆಟ್ಲು ಇಲ್ಲಿಂದ ತಿರುಗ್ಬೇಕಾ?" ಎಂದರೆ ಮೇಷ್ಟ್ರು ಫೋನಿಗೆ ಮುಖವನ್ನು ತೀರಾ ಹತ್ತಿರ ಹಿಡಿದು, "ಅಲ್ಲೇ ಇರು, ಆಟೋ ಹಿಡ್ಕೊಂಡು ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು.

ಗೃಹಪ್ರವೇಶಕ್ಕೆ ನಾನು ಅವರ ಜೊತೆ ಹೋದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಶಲ್ಯ. ಟೀಚರ್ ಗಂಡ ಬಾಗಿಲಲ್ಲೇ ಕಾದಿದ್ದು, ತಮ್ಮ ಕುರ್ಚಿಯನ್ನು ತಾವೇ ತಳ್ಳಿಕೊಂಡು ನಮ್ಮನ್ನು ಒಂದೊಂದು ಕೋಣೆಗೂ ಕರೆದೊಯ್ದರು. ಎಲ್ಲ ಕೋಣೆಯಲ್ಲೂ ಕುರ್ಚಿ ಒಂದೇ ಸಲಕ್ಕೆ ತಿರುಗಿತು. ಅದು ತಿರುಗಿದಾಗಲೆಲ್ಲ ಮೇಷ್ಟ್ರು ನೆಲ ನೋಡುತ್ತಿದ್ದರು. ಹಾಲಿಗೆ ಬಂದು ಕಿಟಕಿಯ ಬಳಿ ನಿಂತಾಗ ಅವರು ಹೇಳಿದರು: "ಚೆನ್ನಾಗಿ ಮಾಡಿದಾಳೆ."

ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಟೀಚರಿಗೆ ಅದು ಗೊತ್ತಿರಲಿಲ್ಲ.

"ಮೇಡಂ ಹೇಳ್ತಿದ್ರು ಸಾರ್. ನಮ್ಮಪ್ಪ ನೋಡಿ ಒಪ್ಪಿದ್ರೆ ಆಯ್ತು, ಆಮೇಲೆ ಯಾರು ಏನಂದ್ರೂ ಪರವಾಗಿಲ್ಲ ಅಂತ."

ಮೇಷ್ಟ್ರು ಹ್ಞೂ ಎಂದರು. ಊಟಕ್ಕೆ ಕೂತಾಗ ಎಲೆಯ ಮೇಲೆ ಬಡಿಸಿದ್ದನ್ನು ಸುಮ್ಮನೆ ಕಲಸುತ್ತಿದ್ದರು. ವಾಪಸು ಬರುವಾಗ ಆಟೋ ಬನಶಂಕರಿ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದರು.

"ಅವಳ ಮಾಡೆಲ್ ಓದೋಕೆ ಬಂದಿದ್ರೆ ಆವಾಗಲೇ ಹೇಳ್ತಿದ್ದೆ ಕಣಮ್ಮ. ನಂಗೆ ಓದೋಕೆ ಬರ್ತಿರಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಮನೆ ಬರುವ ತನಕ ಬಿಡಲಿಲ್ಲ.

ಮುಂದಿನ ಆಷಾಢದಲ್ಲಿ ಮೇಷ್ಟ್ರು ಹೋದರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಇದ್ದುದನ್ನು ಕಂಡು ಪಕ್ಕದ ಮನೆಯಾಕೆ ಕೂಗಿದರಂತೆ. ಮಲಗಿದ್ದಲ್ಲೇ ಪ್ರಾಣ ಹೋಗಿತ್ತು. ಮೈಸೂರಿನಿಂದ ಅವರ ತಮ್ಮ ಬಂದು ಎಲ್ಲ ಮಾಡಿದರು. ಚಿತಾಗಾರಕ್ಕೆ ಎಷ್ಟೋ ಮಂದಿ ಹಳೆಯ ವಿದ್ಯಾರ್ಥಿಗಳು ಬಂದಿದ್ದರು; ತಲೆ ನರೆತವರು, ಸೈಟಿನಿಂದ ಸೀದಾ ಬಂದು ಬೂಟಿನಲ್ಲಿ ಇನ್ನೂ ಸಿಮೆಂಟಿದ್ದವರು. ನಮ್ಮಪ್ಪನೂ ಬಂದರು. ನನ್ನ ಕಡೆ ನೋಡಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟರು.

ಟೀಚರ್ ಗಂಡನೂ ಬಂದಿದ್ದರು. ಕಾರಿನಿಂದ ಕುರ್ಚಿಗೆ ಇಳಿದು ಗೇಟಿನವರೆಗೆ ಬಂದರು. ಒಳಗೆ ಹೋಗಲು ಮೆಟ್ಟಿಲುಗಳಿದ್ದವು. ಹುಡುಗರು ಎತ್ತಿಕೊಳ್ಳುತ್ತೇವೆ ಎಂದರೆ ಬೇಡ ಎಂದರು. ನಾನೂ ಅವರ ಜೊತೆ ಹೊರಗೇ ನಿಂತೆ. ಗಾಳಿ ಜೋರಾಗಿತ್ತು; ಆಗಾಗ ನಾಲ್ಕು ಹನಿ ಬಿದ್ದು ನಿಲ್ಲುತ್ತಿತ್ತು.

"ದಿನಾ ಬೆಳಿಗ್ಗೆ ನಾನೊಬ್ನೇ ಎದ್ದು ಬಾಗಿಲು ತೆಗೆದು ಹೊರಗೆ ಬರ್ತೀನಮ್ಮ" ಎಂದರು. "ಪೇಪರ್ ತಗೊಂಡು ಒಳಗೆ ಹೋಗ್ತೀನಿ. ಯಾರನ್ನೂ ಎಬ್ಬಿಸಬೇಕಾಗಿಲ್ಲ. ಫೋನ್ ಮಾಡಿ ಮೇಷ್ಟ್ರಿಗೆ ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ. ಇಷ್ಟು ಸಣ್ಣದಕ್ಕೆ ಯಾಕೆ ತೊಂದ್ರೆ ಕೊಡೋದು ಅಂತ ಸುಮ್ಮನಾದೆ."

ಒಳಗಿನಿಂದ ಜನ ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ನಾನು ಅವರ ಕುರ್ಚಿಯ ಹಿಡಿ ಹಿಡಿದೆ. ಅವರು ಬೇಡ ಎನ್ನಲಿಲ್ಲ. ರಸ್ತೆಯನ್ನು ಪೈಪಿಗೆಂದು ಅಗೆದು ಮಣ್ಣು ಹಾಗೇ ಬಿಟ್ಟಿದ್ದರು. ಒಂದೊಂದೇ ಗುಂಡಿ ತಪ್ಪಿಸಿಕೊಂಡು ಇಬ್ಬರೂ ನಿಧಾನವಾಗಿ ಕಾರಿನ ಕಡೆ ಹೋದೆವು.